ಕರ್ತನ ಮೇಜಿಗೆ ಕೊಟ್ಟ ಬಟ್ಟೆ

ಕಣ್ಣು ಮುಚ್ಚಿ ಪ್ರಾರ್ಥನೆಗೆ ಕುಳಿತರೆ ನನ್ನ ಪಾದಗಳು ತಾವಾಗಿಯೇ ಆಡತೊಡಗುತ್ತವೆ. ಹೊಲಿಗೆ ಮಿಷನ್ ತುಳಿದು ತುಳಿದು ಬಂದ ಚಾಳಿ. ಮಿಷನ್ ಮಾರಿ ಎಷ್ಟೋ ವರ್ಷಗಳಾದವು, ಪಾದಗಳಿಗೆ ಮಾತ್ರ ಆ ಸುದ್ದಿ ಇನ್ನೂ ಮುಟ್ಟಿಲ್ಲ. ಮೊದಮೊದಲು ಇದನ್ನು ಹೇಳಿ ಜನರನ್ನು ನಗಿಸುತ್ತಿದ್ದೆ. ಈಗ ಹೇಳುವುದಿಲ್ಲ. ನಾನು ದೇವರ ಮುಂದೆ ಕುಳಿತಾಗಲೆಲ್ಲ ನನ್ನದೊಂದು ಭಾಗ ಅಂಗಡಿ ಕಟ್ಟೆಯ ಮೇಲೆಯೇ ಕುಳಿತಿರುತ್ತಿತ್ತು. ಅದನ್ನು ದೇವರ ಕಡೆ ಎಳೆದು ತರಲು ಹೋಗಿ ನಾನು ಮಾಡಿದ ಒಂದು ತಪ್ಪನ್ನು ಇಲ್ಲಿ ಬರೆಯಬೇಕಾಗಿದೆ. ಆ ತಪ್ಪಿನಿಂದಾಗಿ ಒಬ್ಬ ಮುದುಕಿ ಎಂಟು ತಿಂಗಳು ಕರ್ತನ ಭೋಜನ ತೆಗೆದುಕೊಳ್ಳಲಿಲ್ಲ. ಅವಳು ಏಕೆ ತೆಗೆದುಕೊಳ್ಳುತ್ತಿಲ್ಲವೆಂದು ಇಡೀ ಸಭೆಯಲ್ಲಿ ಗೊತ್ತಿದ್ದದ್ದು ನನಗೊಬ್ಬನಿಗೆ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಎಸ್ಸೆಸ್ಸೆಲ್ಸಿ ಪಾಸಾಗಿದ್ದರೂ ನೌಕರಿ ಸಿಕ್ಕಿರಲಿಲ್ಲ. ಹಾಸ್ಟೆಲಿನಲ್ಲಿ ಕಲಿತಿದ್ದ ಹೊಲಿಗೆಯೇ ಅನ್ನ ಕೊಟ್ಟಿತು. ಕೊಟ್ಟೂರಿನ ಬಜಾರಿನಲ್ಲಿ ಒಬ್ಬ ಬಟ್ಟೆ ವ್ಯಾಪಾರಿಯ ಅಂಗಡಿ ಕಟ್ಟೆಯ ಮೇಲೆ ನನ್ನ ಮಿಷನ್ ಇತ್ತು. ಗಿರಾಕಿಗಳು ಒಳಗೆ ಬಟ್ಟೆ ಹರಿಸಿಕೊಂಡು ಬಂದು, ಹೊರಗೆ ಕಟ್ಟೆಯ ಮೇಲೆ ನನಗೆ ಅಳತೆ ಕೊಟ್ಟು ಹೋಗುತ್ತಿದ್ದರು. ಅಂಗಡಿಯವರನ್ನು ನಾವೆಲ್ಲ ಸಾವುಕಾರರು ಎನ್ನುತ್ತಿದ್ದೆವು. ಮಾತು ಕಡಿಮೆ, ಕಣ್ಣು ಚುರುಕು.

ನಮ್ಮ ಸಭೆ ಇದ್ದದ್ದು ಕೂಡ್ಲಿಗಿ ದಾರಿಯ ಒಂದು ಹಳ್ಳಿಯಲ್ಲಿ. ನಾನು ಹುಟ್ಟಿದ್ದೂ ಅಲ್ಲೇ. ಹೆಂಚಿನ ಚಿಕ್ಕ ಗುಡಿ, ಇಪ್ಪತ್ತು ಇಪ್ಪತ್ತೈದು ಮನೆಗಳ ಜನ. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ, ಎಲ್ಲರೂ ಚಾಪೆಯ ಮೇಲೆ. ಪಾದ್ರಿಗಳು, ನಮ್ಮ ಬಾಯಲ್ಲಿ ಅಯ್ಯನವರು, ಇರುತ್ತಿದ್ದದ್ದು ಹರಪನಹಳ್ಳಿಯಲ್ಲಿ. ಹಡಗಲಿ, ಹಗರಿಬೊಮ್ಮನಹಳ್ಳಿ ಕಡೆಯ ಸಭೆಗಳನ್ನೆಲ್ಲ ಸುತ್ತಿಕೊಂಡು ನಮ್ಮಲ್ಲಿಗೆ ಎರಡು ತಿಂಗಳಿಗೊಮ್ಮೆ ಬರುತ್ತಿದ್ದರು. ಅವರು ಬಂದ ಭಾನುವಾರ ಮಾತ್ರ ಕರ್ತನ ಭೋಜನ, ಮೇಜಿನ ಮೇಲಿಟ್ಟ ರೊಟ್ಟಿ ಮತ್ತು ಬಟ್ಟಲನ್ನು ಎಲ್ಲರೂ ಹಂಚಿಕೊಳ್ಳುವುದು. ಉಳಿದ ಭಾನುವಾರಗಳಲ್ಲಿ ವಾಕ್ಯ ಓದುವುದು, ಹಾಡು ಎತ್ತಿಕೊಡುವುದು ನನ್ನ ಪಾಲಿಗೆ ಬಂದಿತ್ತು. ನಾಲ್ಕಕ್ಷರ ಓದಿದವನು, ಕಂಠವೂ ತಕ್ಕಮಟ್ಟಿಗಿತ್ತು.

ನಾನು ಕೆಟ್ಟವನೇನಾಗಿರಲಿಲ್ಲ ಎಂದು ಬರೆಯಲು ಕೈ ಹೋಗುತ್ತದೆ. ತಡೆಯುತ್ತೇನೆ. ದೇವರನ್ನು ಪೂರ್ತಿಯಾಗಿ ಪ್ರೀತಿಸಬೇಕೆಂಬ ಆಸೆ ನನಗೆ ನಿಜವಾಗಿ ಇತ್ತು, ಅಷ್ಟು ಹೇಳಬಹುದು. ಬೆಳಿಗ್ಗೆ ಮಿಷನ್‌ಗೆ ಎಣ್ಣೆ ಬಿಡುವ ಮೊದಲು ಪ್ರಾರ್ಥನೆ ಎಂದು ನಿಯಮ ಮಾಡಿಕೊಂಡೆ. ಮೂರನೆಯ ಮಾತಿಗೇ ಮನಸ್ಸು ಯಾರದೋ ಅಂಗಿಯ ಕಾಲರಿಗೆ ಹೋಗುತ್ತಿತ್ತು. ಶುಕ್ರವಾರ ಮಧ್ಯಾಹ್ನ ಉಪವಾಸ ಹಿಡಿದೆ. ಪೂರ್ತಿ ಹೊತ್ತು ಸಂಜೆಯ ಮಂಡಕ್ಕಿ ಮಿರ್ಚಿಯನ್ನೇ ನೆನೆಸಿದೆ. ಹಾಡು ಎತ್ತಿಕೊಡುವಾಗ ಕಣ್ಣಲ್ಲಿ ನೀರು ಬರುತ್ತಿತ್ತು, ಆ ನೀರನ್ನು ಯಾರು ನೋಡಿದರೆಂದು ಅದೇ ಕಣ್ಣು ಹುಡುಕುತ್ತಿತ್ತು. ಇದು ನನಗೆ ಗೊತ್ತಾಗುತ್ತಿತ್ತು, ಹೆದರಿಕೆಯೂ ಆಗುತ್ತಿತ್ತು.

ನಮ್ಮಲ್ಲಿ ಶೇಂಗಾ ಕಿತ್ತು ಮುಗಿದ ಮೇಲೆ ಬೆಳೆ ಹಬ್ಬ ಮಾಡುವ ಪದ್ಧತಿಯಿತ್ತು. ಆ ವರ್ಷ ದುಡಿದದ್ದರಲ್ಲಿ ಮೊದಲನೆಯದನ್ನು, ಒಳ್ಳೆಯದನ್ನು ಪ್ರತಿಯೊಬ್ಬರೂ ತಂದು ಮೇಜಿನ ಮುಂದೆ ಇಡಬೇಕು. ಹೊಲ ಇದ್ದವರು ಶೇಂಗಾ, ಸಜ್ಜೆ. ಇಲ್ಲದವರು ಕೋಳಿ, ತತ್ತಿ, ಕುಂಬಳಕಾಯಿ. ಬುಟ್ಟಿ ಹೆಣೆಯುವವರು ಬುಟ್ಟಿ. ಅಯ್ಯನವರು ಒಂದು ಬೇಸಿಗೆಯಲ್ಲಿ ಬಂದಾಗ ಆ ಹಬ್ಬದ ಮಾತೆತ್ತಿ, “ದೇವರು ನಿಮ್ಮಿಂದ ದೊಡ್ಡದನ್ನ ಕೇಳಲ್ಲ, ಇಡಿಯಾದ್ದನ್ನ ಕೇಳ್ತಾನೆ. ತತ್ತಿನೇ ಆಗ್ಲಿ, ಒಡೆದಿದ್ದು ತರಬೇಡ್ರಿ” ಎಂದಿದ್ದರು.

ಮೇಜಿಗೆ ಇದ್ದದ್ದು ಹಳೆಯ ಬಟ್ಟೆ, ಹಳದಿ ತಿರುಗಿತ್ತು. ನೆಲ ಮುಟ್ಟುವಂಥ ಬಿಳಿಯ ಹೊಸ ಹೊದಿಕೆಯನ್ನು ನಾನೇ ಹೊಲಿದು ಕೊಡಬೇಕೆಂದು ಅವತ್ತು ನಿಶ್ಚಯಿಸಿದೆ. ದೊಡ್ಡ ಕಾಣಿಕೆ ಕೊಟ್ಟರೆ ಅದರ ಹಿಂದೆ ಮನಸ್ಸೂ ಹೋಗುತ್ತದೆ ಎಂದು ನನ್ನ ಲೆಕ್ಕ. ಬಟ್ಟೆ ಕೊಳ್ಳಬಹುದಿತ್ತು. ಒಂದೇ ಸಲಕ್ಕೆ ಆಗದಿದ್ದರೂ ಸಾವುಕಾರರು ಇಲ್ಲವೆನ್ನುತ್ತಿರಲಿಲ್ಲ. ನಾನು ಕೊಳ್ಳಲಿಲ್ಲ. ಟೇಲರಾದವನಿಗೆ ಬಟ್ಟೆ ಕೊಳ್ಳುವ ಯೋಚನೆಯೇ ಬರುವುದಿಲ್ಲ.

ಅದನ್ನು ಬಿಡಿಸಿ ಹೇಳಬೇಕು. ಕತ್ತರಿಸಿದ ಮೇಲೆ ಉಳಿಯುವ ಚಿಂದಿ ಟೇಲರನಿಗೆ ಸೇರಿದ್ದು ಎಂಬುದು ಆಗಿನ ವಾಡಿಕೆ, ಯಾರೂ ತಕರಾರು ಮಾಡುತ್ತಿರಲಿಲ್ಲ. ಆದರೆ ಎರಡು ಮೀಟರು ಸಾಕಾಗುವ ಕಡೆ ಎರಡೂಕಾಲು ತರಿಸುವುದು, ಮಡಿಕೆಯನ್ನು ಸ್ವಲ್ಪ ಕಡಿಮೆ ಮಾಡುವುದು, ಹೀಗೆ ಮಾಡಿದರೆ ಚಿಂದಿ ದೊಡ್ಡದಾಗುತ್ತದೆ. ಯಾರಾದರೂ ಕೇಳಿದರೆ, “ಕತ್ತರಿಗೂ ಹೊಟ್ಟಿ ಐತ್ರಿ, ಅದೂ ಒಂದೀಟು ತಿಂತೈತಿ” ಎಂದು ನಗಿಸುತ್ತಿದ್ದೆ. ಜೂನ್ ತಿಂಗಳು, ಶಾಲೆಯ ಬಿಳಿ ಅಂಗಿಗಳ ಕಾಲ. ಪಾಪ್ಲಿನ್ ತುಂಡುಗಳನ್ನು ಒಂದೊಂದಾಗಿ ಕೂಡಿಸಿಡತೊಡಗಿದೆ.

ಈಗ ನೆನೆದರೆ ಮೈ ಜುಮ್ಮೆನ್ನುವ ಸಂಗತಿಯೊಂದಿದೆ. ಆ ನಾಲ್ಕು ತಿಂಗಳು ನನ್ನ ಮನಸ್ಸು ದೇವರಲ್ಲಿ ನಿಂತಷ್ಟು ಮೊದಲೆಂದೂ ನಿಂತಿರಲಿಲ್ಲ. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ತುಂಡಿಗೆ ತುಂಡು ಜೋಡಿಸುತ್ತ ಒಂದೊಂದು ಹೊಲಿಗೆಗೂ ಸ್ತೋತ್ರ ಹೇಳುತ್ತಿದ್ದೆ. ಕದ್ದ ಬಟ್ಟೆಯ ಮೇಲೆ ಅಷ್ಟು ಚೆನ್ನಾಗಿ ಪ್ರಾರ್ಥನೆ ಬಂದದ್ದು ಹೇಗೆ? ಇವತ್ತಿಗೂ ನನಗೆ ತಿಳಿಯದು.

ಅಂಚುಗಳಿಗೆ ಸಾಕಾಗುವಷ್ಟು ಸೇರಿತ್ತು. ನಡುವಿಗೆ, ರೊಟ್ಟಿ ಮತ್ತು ಬಟ್ಟಲು ಇಡುವ ಜಾಗಕ್ಕೆ, ಜೋಡಣೆ ಇಲ್ಲದ ಒಂದು ದೊಡ್ಡ ತುಂಡು ಬೇಕಿತ್ತು. ಅದೇ ಸಮಯಕ್ಕೆ ನಮ್ಮ ಸಭೆಯ ಮುದುಕಿಯೊಬ್ಬಳು ಕೊಟ್ಟೂರಿಗೆ ಬಂದಳು. ಗಂಡ, ಮಗ ಇಬ್ಬರೂ ತೀರಿಹೋಗಿ ಮೊಮ್ಮಗಳೊಂದಿಗೆ ಇದ್ದವಳು, ಶೇಂಗಾ ಹೊಲಗಳಲ್ಲಿ ಕಳೆ ತೆಗೆದು ಬದುಕುತ್ತಿದ್ದವಳು. ಮೊಮ್ಮಗಳು ಸಭೆಗೆ ಪೂರ್ತಿಯಾಗಿ ಸೇರಿ ಮೊದಲ ಸಲ ಕರ್ತನ ಭೋಜನ ತೆಗೆದುಕೊಳ್ಳುವ ದಿನ ಹತ್ತಿರವಿತ್ತು. ಅದಕ್ಕೆ ಬಿಳಿ ಲಂಗ, ಜಾಕೀಟು. ನಾಲ್ಕು ಮೀಟರು ಪಾಪ್ಲಿನ್ ಅನ್ನು ಅದೇ ಅಂಗಡಿಯಲ್ಲಿ ಮೊದಲೇ ಕೊಂಡು, ಮನೆಯಲ್ಲಿ ತೊಯಿಸಿ, ನೀಲಿ ಹಾಕಿ, ಒಣಗಿಸಿ ತಂದಿದ್ದಳು. ಒಂದು ತುದಿಯಲ್ಲಿ ನೀಲಿಯ ಪುಡಿ ಕರಗದೆ ಹೆಬ್ಬೆರಳಗಲದ ಕಲೆ ಕೂತಿತ್ತು.

“ಇದನ್ನ ಒಳಗ ಮಡಚಿಬಿಡಪ್ಪಾ ತಮ್ಮಾ, ಕಾಣಬಾರ್ದು” ಎಂದಳು. “ಲಂಗ ನೆಲ ಮುಟ್ಟಬೇಕು ನೋಡು. ನನ್ನ ಮದಿವ್ಯಾಗೂ ನಾನು ಹೊಸಾದು ಉಟ್ಟಿಲ್ಲ.”

ಲಂಗ ನೆಲ ಮುಟ್ಟಲಿಲ್ಲ. ಮುಕ್ಕಾಲು ಮೀಟರು ನನ್ನ ಗಂಟಿಗೆ ಹೋಗಿತ್ತು. ಹುಡುಗಿಗೆ ತೊಡಿಸಿ ನೋಡಿ ಮುದುಕಿ ಮರುದಿನವೇ ಬಂದಳು.

“ಲೇ ತಮ್ಮಾ, ಇದೇನೋ ಇದು, ನಾಲ್ಕು ಬಟ್ಟು ಮ್ಯಾಲ ನಿಂತೈತಿ! ಗದ್ದಿಯಾಗ ಇಳಿಯಾಕ ಹೊಂಟಾಳೇನು ಹುಡುಗಿ?”

“ಬಟ್ಟಿ ಸಾಲ್ಲಿಲ್ಲ ಯವ್ವಾ.”

“ನಾಲ್ಕು ಮೀಟರ ಐತೆಲ್ಲೋ!”

“ಬಟ್ಟಿ ಕುಗ್ಗಿರ್ತೈತಿ, ತೊಯ್ದಾಗ…”

“ತೊಯಿಸೇ ತಂದಿನಲ್ಲೋ ಮಾರಾಯ! ತೊಯಿಸಿ ಒಣಗಿಸಿದ್ದು ಇನ್ನೆಲ್ಲಿ ಕುಗ್ಗತೈತಿ?”

ಆಗ ನನ್ನ ಬಾಯಿಂದ ಬಂದ ಮಾತು: “ಹಂಗಾದ್ರ ಒಳಗ ಅಳತಿ ಕಡಿಮಿ ಹಾಕಿರಬೇಕು.”

ಅವಳು ಚಪ್ಪಲಿ ಬಿಟ್ಟು ನೇರವಾಗಿ ಒಳಗೆ ಹೋದಳು. ನಾಲ್ಕು ಜನ ಗಿರಾಕಿಗಳ ಮುಂದೆ, “ಏನ್ರಿ ಸಾವ್ಕಾರ್ರ, ಮುದುಕಿ ಕಣ್ಣು ಮಂಜು ಅಂತ ಮೀಟರ್ ಕಡ್ಡಿ ಮ್ಯಾಲ ಕೈ ಆಡ್ಸೀರೇನು?” ಎಂದಳು. ಸಾವುಕಾರರ ಮುಖ ಕೆಂಪಾಯಿತು. “ಯವ್ವಾ, ಮೂವತ್ತು ವರ್ಷ ಆತು ಈ ಗಾದಿ ಮ್ಯಾಲ ಕುಂತು. ಇಂಥಾ ಮಾತು ಯಾರೂ ಅಂದಿದ್ದಿಲ್ಲ.” ಕಡ್ಡಿ ತೆಗೆದು ಅವಳ ಕೈಗೇ ಕೊಟ್ಟರು. ಅವಳು ಅದನ್ನು ತಿರುವಿ ಮುರುವಿ ನೋಡಿದಳು. ಅವರು ನನ್ನ ಕಡೆ ನೋಡಿದರು. ನಾನು ಮಿಷನ್ ಮೇಲೆ ಬಗ್ಗಿ ಸೂಜಿಗೆ ದಾರ ಪೋಣಿಸುತ್ತಿದ್ದೆ. ಮೊದಲೇ ಪೋಣಿಸಿದ್ದ ದಾರವನ್ನು ಕಿತ್ತು ಮತ್ತೆ ಪೋಣಿಸುತ್ತಿದ್ದೆ.

ಕೊನೆಗೆ ಅವರೇ ಅರ್ಧ ಮೀಟರು ಹರಿದು ಕೊಟ್ಟು, “ತಗೊಂಡು ಹೋಗವ್ವಾ, ಹುಡುಗಿ ಕೆಲಸ ಕೆಡಬಾರ್ದು” ಎಂದರು. ಅವಳು ಅದನ್ನೂ ಲಂಗವನ್ನೂ ನನಗೆ ಕೊಟ್ಟು ಹೋದ ಮೇಲೆ ಕಟ್ಟೆಗೆ ಬಂದು, ನನ್ನ ಮುಖ ನೋಡದೆ, “ಮಾಸ್ತರ, ನಿಮ್ಮ ಕತ್ತರಿಗೆ ಹಸಿವು ಜಾಸ್ತಿ ಆಗೇತಿ” ಎಂದು ಒಳಗೆ ಹೋದರು. ಆ ಅರ್ಧ ಮೀಟರನ್ನು ಲಂಗದ ಕೆಳಗೆ ಪಟ್ಟಿಯಾಗಿ ಜೋಡಿಸಿಕೊಟ್ಟೆ. ಆ ಬಟ್ಟೆಗೆ ನೀಲಿ ಹಾಕಿರಲಿಲ್ಲವಾಗಿ ಬಣ್ಣದ ವ್ಯತ್ಯಾಸ ದೂರಕ್ಕೇ ಕಾಣುತ್ತಿತ್ತು. ಹುಡುಗಿ ಅದನ್ನೇ ತೊಟ್ಟು ಸಭೆಗೆ ಸೇರಿದಳು. ಓರಗೆಯ ಹುಡುಗಿಯರು ಮುಸಿಮುಸಿ ನಗುತ್ತಿದ್ದರೆ ಅವಳು ಲಂಗದ ಅಂಚನ್ನು ಕಾಲಡಿಗೆ ಎಳೆದುಕೊಂಡು ಕೂತಿದ್ದಳು.

ಬೆಳೆ ಹಬ್ಬ ಬಂತು. ನನ್ನ ಹೊದಿಕೆಯನ್ನು ನಾಲ್ಕು ಜನ ಹಿಡಿದು ಮೇಜಿಗೆ ಹಾಸಿದರು. ನೀಲಿಯ ಕಲೆಯಿದ್ದ ತುದಿಯನ್ನು ಒಳಗೆ ಮಡಚಿ ಹೊಲಿದಿದ್ದೆ, ಅವಳು ಹೇಳಿದ್ದ ಹಾಗೆಯೇ. ಅಯ್ಯನವರು, “ಇದು ಕೈಕೆಲಸದ ಮೊದಲ ಫಲ ಅಂದ್ರೆ!” ಎಂದು ಹೊಗಳಿದರು. ಎಲ್ಲರಿಗಿಂತ ಹೆಚ್ಚು ಹಿಗ್ಗಿದವಳು ಆ ಮುದುಕಿ. “ನಮ್ಮ ಹುಡುಗನ ಕೈಯಾಗ ದೇವ್ರು ಅದಾನ” ಎಂದು ಹೆಂಗಸರ ಕಡೆ ಹೇಳುತ್ತಿದ್ದಳು. ಆ ದಿನ ಭೋಜನ ತೆಗೆದುಕೊಳ್ಳುವಾಗ ನನಗೆ ಏನೂ ಅನಿಸಲಿಲ್ಲ. ಮನಸ್ಸಿನ ತುಂಬ ಹೊಗಳಿಕೆಯೇ ಇತ್ತು.

ಮೇಜಿನ ಬಟ್ಟೆ ಒಗೆಯುವುದು ನಮ್ಮಲ್ಲಿ ಹೆಂಗಸರ ಸರದಿ. ಒಂದೊಂದು ಸಲ ಒಂದೊಂದು ಮನೆ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಯೋಚಿಸಿರಲಿಲ್ಲ. ಬೇಸಿಗೆ ಹಿಡಿಯುವ ಹೊತ್ತಿಗೆ ಅವಳ ಸರದಿ ಬಂತು. ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿದಂತೆ ಮಡಚಿ ತಂದಿಟ್ಟಳು. ಅಯ್ಯನವರು ಬಂದರು. ಹೆಂಗಸರೆಲ್ಲ ಎದ್ದು ಮೇಜಿನ ಕಡೆ ನಡೆದಾಗ ಅವಳು ಮಾತ್ರ ಕುಳಿತೇ ಇದ್ದಳು. ಒಗೆಯುವಾಗ ಆ ನೀಲಿ ಕಲೆ ಅವಳ ಕಣ್ಣಿಗೆ ಬಿದ್ದಿದೆಯೆಂದು ನನಗೆ ಆ ಕ್ಷಣವೇ ತಿಳಿಯಿತು. ಕೈಯಲ್ಲಿದ್ದ ರೊಟ್ಟಿಯ ತುಣುಕು ಬೆವರಿಗೆ ಮೆತ್ತಗಾಯಿತು. ಆದರೂ ತಿಂದೆ.

ಹೊರಗೆ ಒಬ್ಬ ಹಿರಿಯರು ಅವಳನ್ನು ಕೇಳಿದರು. “ಯಾಕವ್ವಾ, ಮೈಯಾಗ ಹುಷಾರಿಲ್ಲೇನು?”

“ಮೈ ಹುಷಾರೈತಿ. ಎದಿ ಸ್ವಚ್ಛ ಇಲ್ಲ. ಒಬ್ಬರ ಮ್ಯಾಲ ಸಿಟ್ಟು ಇಟ್ಕೊಂಡು ಅಲ್ಲಿ ಕೈ ಚಾಚಬಾರ್ದು ಅಂತಾರಲ್ಲ.”

“ಯಾರ ಮ್ಯಾಲ?”

“ಅದನ್ನ ನಿಮಗ ಹೇಳಿದ್ರ ಅವನ ಮರ್ಯಾದಿ ಹೊಕ್ಕೈತಿ, ನನ್ನ ಸಿಟ್ಟು ಹೋಗಂಗಿಲ್ಲ.”

ಎರಡನೆಯ ಸಲವೂ ಅವಳು ಏಳಲಿಲ್ಲ. ಮೂರನೆಯ ಸಲ ಹೆಂಗಸರು ಚುಚ್ಚತೊಡಗಿದರು. “ಸಾಯೋ ವಯಸ್ಸಿನ್ಯಾಗ ಯಾರ ಮ್ಯಾಲ ಹಟ ಇವ್ರದು” ಎಂದು ಒಬ್ಬಳು ಅವಳಿಗೆ ಕೇಳುವಂತೆಯೇ ಅಂದಳು. ನಾನು ಎಂದಿನಂತೆ ಹಾಡು ಎತ್ತಿಕೊಡುತ್ತಿದ್ದೆ. ಅವಳ ಕಡೆ ನೋಡದೆ ಹಾಡಲು ಕಿಟಕಿಯ ಆಚೆಯ ಬೇವಿನ ಗಿಡವನ್ನು ನೋಡಿಕೊಂಡು ಹಾಡುತ್ತಿದ್ದೆ. ಮನೆಯಲ್ಲಿ ಊಟಕ್ಕೆ ಕುಳಿತರೂ ಎದ್ದು ಬಾಗಿಲವರೆಗೆ ಹೋಗಿ ಬರುತ್ತಿದ್ದೆ. “ಯಾರಾದ್ರೂ ಬರೋರದಾರೇನ್ರಿ?” ಎಂದು ಹೆಂಡತಿ ಕೇಳುತ್ತಿದ್ದಳು. ಅಂಗಡಿಯಲ್ಲಿ ಎರಡು ಅಂಗಿ ಕೆಡಿಸಿದೆ. ದೇವರು ಕ್ಷಮಿಸಲೆಂದು ದಿನಾ ಬೇಡಿದೆ. ಅವಳ ಮನೆಗೆ ಹೋಗುವುದೊಂದನ್ನು ಬಿಟ್ಟು ಉಳಿದದ್ದೆಲ್ಲ ಮಾಡಿದೆ.

ಕೊನೆಗೆ ಒಂದು ಮಂಗಳವಾರ ಹೋದೆ. ಬಾಗಿಲ ಮುಂದೆ ಕೂತು ಶೇಂಗಾ ಸುಲಿಯುತ್ತಿದ್ದಳು. ಬಾ ಎನ್ನಲಿಲ್ಲ, ಮೊರವನ್ನು ಸರಿಸಿ ಜಾಗ ಮಾಡಿದಳು. ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ಮಾತನ್ನು ಹೇಳಿದೆ.

“ಯವ್ವಾ, ಆ ಮೇಜಿನ ಬಟ್ಟಿಯಾಗ ನಿಂದೊಂದು ತುಂಡು ಸೇರಿಬಿಟ್ಟೈತಿ. ರಾಶಿ ತುಂಡು ಇದ್ವು, ತಿಳೀದ ಕೂಡಿಬಂತು.”

“ತಿಳೀದ?”

“ಹೂಂ ಯವ್ವಾ.”

“ನೀಲಿ ಕಲಿ ಒಳಗ ಮಡಚಿ ಹೊಲಿದಿದ್ದು? ಅದೂ ತಿಳೀದ?”

ಅವಳು ಇನ್ನೂ ನಾಲ್ಕು ಕಾಯಿ ಸುಲಿದಳು.

“ಆತು ಬಿಡು. ಹಂಗಾದ್ರ ನಿನ್ನ ಕತ್ತರಿನ ಕ್ಷಮಿಸೀನಿ. ನಿನ್ನ ಹೆಂಗ ಕ್ಷಮಿಸ್ಲಿ? ನೀನು ಏನೂ ಮಾಡಿಲ್ಲಂತಲ್ಲ.”

“ನೀ ಸಭ್ಯಾಗ ಹೇಳಬೇಕಿತ್ತು ಯವ್ವಾ” ಎಂದೆ. ಎಂಥ ಮಾತು! ತಪ್ಪನ್ನು ಅವಳ ಮೇಲೇ ಹೊರಿಸುವ ಧೈರ್ಯ ನನಗೆ ಆಗಲೂ ಇತ್ತು.

“ಹೇಳಿದ್ರ? ಇದು ಕದ್ದ ಬಟ್ಟಿ ಅಂತ ಗೊತ್ತಾದ್ರ ಅದರ ಮ್ಯಾಲಿಟ್ಟ ರೊಟ್ಟಿ ಯಾರ ಗಂಟಲಾಗ ಇಳೀತೈತಿ? ಎಲ್ಲಾರ್ದೂ ಯಾಕ ಕೆಡಸ್ಲಿ, ನಂದೊಬ್ಬಾಕಿದು ಹೋದ್ರ ಹೋಗ್ಲಿ ಅಂತ ಕುಂತೆ.” ಅಲ್ಲಿಯವರೆಗೆ ಗಟ್ಟಿಯಾಗಿದ್ದ ದನಿ ಸಣ್ಣಗಾಯಿತು. “ಅದಕ್ಕಲ್ಲೋ ನನಗ ಸಿಟ್ಟು. ನೀ ಕೇಳಿದ್ರ ನಾನ ಕೊಡ್ತಿದ್ದೆ. ದೇವ್ರಿಗಿ ಅಂದಿದ್ರ ಹುಡುಗಿ ಹಳೇದು ಉಟ್ಗೊಂತಿದ್ಲು. ನಾ ಕೊಡೋದನ್ನ ನೀ ತಗೊಂಡು ನಿನ್ನ ಹೆಸರ್ಲೆ ಕೊಟ್ಟೆಲ್ಲ. ಸಾವ್ಕಾರ್ನ ಬೇರೆ ನನ್ನ ಬಾಯಿಂದ ಬೈಸಿದೆ.”

ಬಸ್ಸಿಗೆ ನಿಲ್ಲದೆ ನಡೆದೇ ಹೊರಟೆ. ದಾರಿಯುದ್ದಕ್ಕೂ ನನ್ನ ಪರವಾಗಿ ನಾನೇ ವಾದ ಮಾಡಿದೆ. ಎಲ್ಲ ಟೇಲರುಗಳೂ ಮಾಡುವುದೇ ಇದು. ಮನೆಗೆ ಒಯ್ದಿಲ್ಲ, ದೇವರಿಗೇ ಕೊಟ್ಟಿದ್ದೇನೆ. ಹೋಗಿ ಹೇಳಿಯೂ ಬಂದೆನಲ್ಲ. ಕೊಟ್ಟೂರಿನ ಮನೆಗಳು ಕಾಣುವ ಹೊತ್ತಿಗೆ ವಾದಗಳು ಮುಗಿದಿದ್ದವು. ತಪ್ಪೊಪ್ಪಿಕೊಳ್ಳಲು ಹೋದಾಗಲೂ ಅರ್ಧ ನನಗಾಗಿ ಕತ್ತರಿಸಿ ಇಟ್ಟುಕೊಂಡಿದ್ದೆ.

ಅವತ್ತು ಸಂಜೆಯೇ ಸಾವುಕಾರರಿಗೆ ಹೇಳಿದೆ. “ನನಗ ಅವತ್ತ ಗೊತ್ತಿತ್ತು” ಎಂದರು. “ಗೊತ್ತಿದ್ದೂ ಯಾಕ ಸುಮ್ಮನಿದ್ರಿ?” ಎಂದೆ. “ನಾಲ್ಕು ಮಂದಿ ಮುಂದ ನಿನ್ನ ಹೆಸರು ಹೇಳಿದ್ರ ನಾಳೆ ನಿನ್ನ ಕೈಗೆ ಯಾರು ಬಟ್ಟಿ ಕೊಡ್ತಾರ? ನೀನ ಹೇಳ್ತಿ ಅಂತ ಕಾದೆ. ಭಾಳ ದಿನ ತಗೊಂಡಿ.” ಅವರು ನನ್ನ ದೇವರನ್ನು ಪೂಜಿಸುವವರಲ್ಲ. ಆದರೂ ಆ ಮಾತು ನನಗೆ ಗುಡಿಯಲ್ಲಿ ಕೇಳಿದಂತೆ ಕೇಳಿಸಿತು.

ಮುಂದಿನ ಸಲ ಅಯ್ಯನವರು ಬಂದ ಭಾನುವಾರ, ನಾಲ್ಕನೆಯ ಸಲ. ನಿಜವಾಗಿ ಪಶ್ಚಾತ್ತಾಪಪಡುವವರು ಮುಂದೆ ಬರಲಿ ಎಂದು ಅವರು ಕರೆದಾಗ ನಾನು ಎದ್ದು ನಿಂತೆ. ನಡೆಯಲಿಲ್ಲ, ನಿಂತಲ್ಲಿಯೇ ಹೇಳಿದೆ. ತುಂಡುಗಳನ್ನು ಹೇಗೆ ಕೂಡಿಸಿದೆ, ಅವಳ ಮುಕ್ಕಾಲು ಮೀಟರನ್ನು ತಿಳಿದೇ ಹೇಗೆ ತೆಗೆದೆ, ಸಾವುಕಾರರ ಮೇಲೆ ಹೇಗೆ ಹಾಕಿದೆ, ಎಲ್ಲ. ಹಿರಿಯರು, “ಕುಂದ್ರಪ್ಪಾ, ಆಮ್ಯಾಲ ಮಾತಾಡಾಣು” ಎಂದು ಕೈಸನ್ನೆ ಮಾಡಿದರು. ನಾನು ಕೂರಲಿಲ್ಲ. ಅಂಗಿ ಹೊಲಿಸಿದ್ದವರು ತಮ್ಮ ತಮ್ಮ ತೋಳು, ಅಂಚು ಮುಟ್ಟಿ ನೋಡಿಕೊಳ್ಳುವುದು ಕಂಡಿತು. ಅದರ ನಡುವೆಯೂ, ಎಷ್ಟು ಚೆನ್ನಾಗಿ ಹೇಳುತ್ತಿದ್ದೇನೆ ಎಂದು ನನ್ನೊಳಗೆ ಒಬ್ಬ ನೋಡುತ್ತಿದ್ದ. ಅವನನ್ನೂ ಬರೆದುಬಿಡುತ್ತೇನೆ.

ಅಯ್ಯನವರು ರೊಟ್ಟಿ, ಬಟ್ಟಲನ್ನು ಕಿಟಕಿಯ ಗೂಡಿನಲ್ಲಿಟ್ಟು ತಾವೇ ಹೊದಿಕೆಯನ್ನು ತೆಗೆದು ಮಡಚಿದರು. ಬರಿಯ ಹಲಗೆಯ ಮೇಜು. ಅದರ ಮೇಲೆಯೇ ಮತ್ತೆ ಎಲ್ಲ ಇಟ್ಟರು. ಮುದುಕಿ ಮೊದಲು ಎದ್ದಳು. ಅವಳು ಎರಡೂ ಕೈ ಚಾಚಿದಾಗ ಬೆರಳುಗಳು ಮಣ್ಣಿನ ಬಣ್ಣದವಾಗಿದ್ದವು. ಒಂದು ವರ್ಷ ಭೋಜನದಿಂದ ದೂರವಿರಬೇಕೆಂದು ನನಗೆ ಹೇಳಿದರು. ವಾಕ್ಯ ಓದುವುದು, ಹಾಡು ಎತ್ತಿಕೊಡುವುದು ಬೇರೆಯವರಿಗೆ ಹೋಯಿತು. ಹೊದಿಕೆಯನ್ನು ಬಿಚ್ಚಿ ಯಾರ ಯಾರ ತುಂಡೆಂದು ನೆನಪಿತ್ತೋ ಅವರವರಿಗೆ ಕೊಟ್ಟೆ. ಕೆಲವರು ನಕ್ಕು ತೆಗೆದುಕೊಂಡರು. ಒಬ್ಬರು ಮುಖಕ್ಕೆ ಎಸೆದರು.

ಆ ವರ್ಷ ಬಾಗಿಲ ಹತ್ತಿರದ ಚಾಪೆಯಲ್ಲಿ ಕೂತು, ಉಳಿದವರು ತಿನ್ನುವುದನ್ನು ನೋಡಿದೆ. ಅದು ನನಗೆ ಬೇಕು ಎಂದು ಹಸಿವಿನ ಹಾಗೆ ಅನಿಸಿದ್ದು ಜೀವನದಲ್ಲಿ ಆ ವರ್ಷ ಮಾತ್ರ. ವರ್ಷ ಮುಗಿದು, ಅಯ್ಯನವರು ನನ್ನ ಅಂಗೈಗೆ ರೊಟ್ಟಿಯ ತುಣುಕು ಇಟ್ಟರು. ಅಷ್ಟು ಕಾದದ್ದು. ಆ ಕ್ಷಣದಲ್ಲಿ ನನಗೆ ನೆನಪಾದದ್ದು ಹಿಂದಿನ ದಿನ ಗುಂಡಿ ಹಚ್ಚದೆ ಬಿಟ್ಟುಬಂದ ಒಂದು ಜುಬ್ಬ.

ಹೊರಗೆ ಬಂದು ಬೇವಿನ ಗಿಡದ ಕೆಳಗೆ ಒಬ್ಬನೇ ನಿಂತೆ. ಮುದುಕಿ ಕೋಲೂರಿಕೊಂಡು ಹತ್ತಿರ ಬಂದಳು. ಅವತ್ತು ಅವಳೂ ಕೊಟ್ಟೂರಿಗೆ ಹೊರಟಿದ್ದಳು.

“ಏನೋ, ಮಾರಿ ಹಿಂಗ್ಯಾಕ ಮಾಡೀದಿ? ಇವತ್ತು ನಗಬೇಕು ನೀನು.”

“ಇವತ್ತೂ ಮನಸು ನಿಲ್ಲಲಿಲ್ಲ ಯವ್ವಾ. ಕೈಯಾಗ ಹಿಡಕೊಂಡಾಗ್ಲೂ ಎಲ್ಲೋ ಹೋತು.”

“ಎಲ್ಲಿಗಿ ಹೋತು?”

ಹೇಳಿದೆ. ಅವಳು ಹಲ್ಲಿಲ್ಲದ ಬಾಯಿ ತೆರೆದು ಜೋರಾಗಿ ನಕ್ಕಳು.

“ನಂದು ಕೋಳಿ ಹಂತ್ಯಾಕ ಹೋಗಿತ್ತು, ಬುಟ್ಟಿ ಮುಚ್ಚಿದ್ನೋ ಇಲ್ಲೋ ಅಂತ. ಹೋತು ಅಂತ ಗೊತ್ತಾತಲ್ಲ ನಿನಗ? ಮೊದ್ಲು ಅದೂ ಗೊತ್ತಾಗ್ತಿದ್ದಿಲ್ಲ. ಕರಕೊಂಡು ಬಾ. ನಾಳಿ ಮತ್ತ ಹೊಕ್ಕೈತಿ, ಮತ್ತ ಕರಕೊಂಡು ಬಾ. ನಡಿ, ನಡಿ, ಬಸ್ಸು ಬರೋ ಹೊತ್ತಾತು.”

ಅವಳ ಚೀಲವನ್ನು ನಾನು ಹೆಗಲಿಗೆ ಹಾಕಿಕೊಂಡೆ. ರಸ್ತೆಯವರೆಗೂ ಅವಳು ಕೋಳಿಯ ಬಗ್ಗೆಯೇ ಮಾತಾಡುತ್ತ ನಡೆದಳು.